ಕಟ್ಟೆಯ ತುಳಸಿಗೆ ದೀಪ, ಹಿತ್ತಲಿನ ಕಾಮಕಸ್ತೂರಿಗೆ ಮರೆವು

ಕಳೆದ ಕಾರ್ತಿಕದ ಉತ್ಥಾನ ದ್ವಾದಶಿಯಂದು ನಮ್ಮ ಮನೆಯಲ್ಲಿ ಸಣ್ಣದೊಂದು ಪೇಚಾಟ ನಡೆಯಿತು. ತುಳಸಿ ಕಟ್ಟೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಶೇಡಿಯ ಎಳೆ ಬರೆದು, ಕಾಯಿ ಸಮೇತವಾದ ನೆಲ್ಲಿಯ ಕೊಂಬೆಯನ್ನು ತಂದು ನೆಟ್ಟಾಗಿತ್ತು. ಎಂಬತ್ತು ದಾಟಿದ ಅಜ್ಜಿ ಅಬ್ಬಲಿಗೆಯ ದಂಡೆ ಕಟ್ಟಲು ಕುಳಿತಿದ್ದರು. ಹೂವಿನ ನಡುನಡುವೆ ಸೇರಿಸುವುದಕ್ಕೆ ನಾಲ್ಕು ಕುಡಿ ಕಾಮಕಸ್ತೂರಿ ತರುವಂತೆ ಮಕ್ಕಳಿಗೆ ಹೇಳಿದರು. ಮಕ್ಕಳು ಕೇರಿಯ ಹನ್ನೊಂದು ಮನೆಗಳ ಹಿತ್ತಲನ್ನೂ ಸುತ್ತಿ ಬರಿಗೈಯಲ್ಲಿ ಮರಳಿದರು. ಮೂರು ಮನೆಗಳಲ್ಲಿ ಕಿರಿಯರಿಗೆ ಆ ಹೆಸರೇ ಗೊತ್ತಿರಲಿಲ್ಲವಂತೆ. "ಎಲ್ಲೂ ಸಿಗಲಿಲ್ಲವೇನೋ ತಮ್ಮಾ? ಬಚ್ಚಲ ಹಿಂದೆ ತಾನಾಗಿಯೇ ಹುಟ್ಟುತ್ತಿತ್ತಲ್ಲ!" ಎಂದು ಅಜ್ಜಿ ಮತ್ತೆ ಮತ್ತೆ ಕೇಳಿದರು.

ಅದೇ ಸಂಜೆ ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ತಂಗಿ ತನ್ನ ಚೀಲದಿಂದ ಎರಡು ವಸ್ತುಗಳನ್ನು ಹೊರತೆಗೆದಳು. ಒಂದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತಾರು ಹಸಿರೆಲೆಗಳು. ಡಬ್ಬಿಯ ಮೇಲೆ 'ಬೇಸಿಲ್' ಎಂದಿತ್ತು. ಇನ್ನೊಂದು, 'ಸಬ್ಜಾ' ಎಂಬ ಕಪ್ಪು ಬೀಜದ ಪೊಟ್ಟಣ. ಅಜ್ಜಿ ಎಲೆಯೊಂದನ್ನು ಬೆರಳಲ್ಲಿ ಹೊಸಕಿ ಮೂಸಿದರು. "ಇದು ಕಾಮಕಸ್ತೂರಿಯೇ ಅಲ್ಲವೇನೇ?" ಎಂದರು. ಬೀಜವನ್ನೂ ಅಂಗೈಯಲ್ಲಿ ಹರಡಿ ನೋಡಿ ಅದೇ ಮಾತು ಹೇಳಿದರು. ಅವರು ಹೇಳಿದ್ದು ಎರಡೂ ಸರಿಯಾಗಿತ್ತು.

ಬಚ್ಚಲ ನೀರಿನಲ್ಲಿ ತಾನಾಗಿ ಬೆಳೆಯುತ್ತಿದ್ದ ಗಿಡವೊಂದು ನಮ್ಮ ಕೇರಿಯಿಂದ ಕಾಣೆಯಾಗಿ, ಅದರ ಎಲೆ ಒಂದು ಹೆಸರಿನಲ್ಲಿ, ಬೀಜ ಮತ್ತೊಂದು ಹೆಸರಿನಲ್ಲಿ, ಹಣ ತೆತ್ತು ತಂದ ಸರಕಾಗಿ ನಮ್ಮ ಮನೆಗೇ ಮರಳಿತ್ತು. ಕಟ್ಟೆಯ ತುಳಸಿ ಏಕೆ ಉಳಿಯಿತು, ಹಿತ್ತಲಿನ ಕಾಮಕಸ್ತೂರಿ ಏಕೆ ಅಳಿಯಿತು? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ನಮ್ಮ ಹಿತ್ತಲುಗಳನ್ನು ಉಳಿಸಿಕೊಳ್ಳುವ ದಾರಿಯೂ ಅಲ್ಲಿಯೇ ಸಿಕ್ಕೀತು ಎಂಬುದು ನನ್ನ ನಂಬಿಕೆ.

ಒಂದೇ ಕುಲದ ಅಕ್ಕತಂಗಿಯರು

ತುಳಸಿ ಮತ್ತು ಕಾಮಕಸ್ತೂರಿ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಲಕ್ಕೆ ಸೇರಿದ ಗಿಡಗಳು. ಆ ಕುಲದ ಹೆಸರು ಆಸಿಮಮ್. ತುಳಸಿಯನ್ನು ಈಗ ಆಸಿಮಮ್ ಟೆನ್ಯುಯಿಫ್ಲೋರಮ್ ಎಂದು ಕರೆಯುತ್ತಾರೆ. ಹಳೆಯ ಪುಸ್ತಕಗಳಲ್ಲಿ ಆಸಿಮಮ್ ಸ್ಯಾಂಕ್ಟಮ್, ಅಂದರೆ ಪವಿತ್ರವಾದದ್ದು, ಎಂಬ ಹೆಸರಿದೆ. ಕಾಮಕಸ್ತೂರಿ ಆಸಿಮಮ್ ಬೆಸಿಲಿಕಮ್. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಕೊಟ್ಟ ಈ ಹೆಸರಿಗೆ ರಾಜಯೋಗ್ಯವಾದದ್ದು ಎಂಬ ಅರ್ಥವಿದೆ. ಇಟಲಿಯವರು ಬೆಳ್ಳುಳ್ಳಿ, ಎಣ್ಣೆ, ಗಿಣ್ಣು ಸೇರಿಸಿ ಅರೆಯುವ ಪೆಸ್ಟೊ ಎಂಬ ಚಟ್ನಿಗೆ ಬಳಸುವುದೂ, ಪಿಜ್ಜಾದ ಮೇಲೆ ಉದುರಿಸುವುದೂ ಇದೇ ಜಾತಿಯ ಎಲೆಯನ್ನು. ತಳಿ ಮಾತ್ರ ಬೇರೆ.

ಈ ಕುಲದಲ್ಲಿ ಇನ್ನೂ ಕೆಲವರಿದ್ದಾರೆ. ರಸ್ತೆಯ ಬದಿಯಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ನಾಯಿತುಳಸಿ, ಎಲೆ ಹೊಸಕಿದರೆ ಕರ್ಪೂರದ ವಾಸನೆ ಬರುವ ಕರ್ಪೂರ ತುಳಸಿ, ಆಳೆತ್ತರದ ಪೊದೆಯಾಗಿ ಲವಂಗದ ಘಾಟು ಬೀರುವ ದೊಡ್ಡೆಲೆಯ ತುಳಸಿ. ಇವುಗಳಲ್ಲಿ ಕರ್ಪೂರ ತುಳಸಿ ಪೂರ್ವ ಆಫ್ರಿಕದ್ದು. ಕಿಲಿಮಂಜಾರೊ ಪರ್ವತದ ಹೆಸರೇ ಅದರ ವೈಜ್ಞಾನಿಕ ಹೆಸರಿನಲ್ಲಿದೆ. 'ರಾಮತುಳಸಿ' ಎಂಬ ಹೆಸರನ್ನು ಕೆಲವರು ಕಟ್ಟೆಯ ಹಸಿರು ತುಳಸಿಗೂ, ಇನ್ನು ಕೆಲವರು ದೊಡ್ಡೆಲೆಯ ಪೊದೆಗೂ ಬಳಸುವುದರಿಂದ ವಿದ್ಯಾರ್ಥಿಗಳು ಹೆಸರನ್ನಷ್ಟೇ ನಂಬದೆ ಗಿಡವನ್ನು ಕಣ್ಣಾರೆ ನೋಡಿ ಗುರುತಿಸಬೇಕು. ಚೌಕಾಕಾರದ ಕಾಂಡ, ಎದುರುಬದುರಾದ ಎಲೆಗಳು, ತೆನೆಯ ಸುತ್ತ ಸುತ್ತಾಗಿ ಜೋಡಿಸಿದಂತಿರುವ ಎರಡು ತುಟಿಯ ಹೂಗಳು, ಒಂದೊಂದು ಹೂವಿನ ಬುಡದಲ್ಲಿ ನಾಲ್ಕು ಬೀಜಗಳು: ಇವು ಇವರೆಲ್ಲರ ಸಮಾನ ಲಕ್ಷಣಗಳು. ಪುದೀನ, ದೊಡ್ಡಪತ್ರೆ, ತುಂಬೆ ಇದೇ ಮನೆತನದ ದೂರದ ನೆಂಟರು.

ನೆಂಟಸ್ತನವಿದ್ದರೂ ಪರಿಮಳ ಒಬ್ಬೊಬ್ಬರದು ಒಂದೊಂದು ಬಗೆ. ತುಳಸಿಯ ಖಾರದ ಘಾಟಿಗೆ ಬಹುಮಟ್ಟಿಗೆ ಕಾರಣವಾದ ಯೂಜೆನಾಲ್ ಲವಂಗದಲ್ಲಿಯೂ ಇದೆ. ಕಾಮಕಸ್ತೂರಿಯ ಸಿಹಿಗಂಪಿಗೆ ಲಿನಲೂಲ್, ಮೀಥೈಲ್ ಚಾವಿಕಾಲ್ ಮುಂತಾದ ಎಣ್ಣೆಯಂಶಗಳು ಕಾರಣ. ಈ ಅಂಶಗಳ ಪ್ರಮಾಣ ಕಾಮಕಸ್ತೂರಿಯಲ್ಲಿಯೇ ತಳಿಯಿಂದ ತಳಿಗೆ ಬದಲಾಗುತ್ತದೆ. ಯಾವ ಊರಿನ ಜನ ಯಾವ ಪರಿಮಳವನ್ನು ಮೆಚ್ಚಿ ಅಂಥ ಗಿಡದಿಂದ ಬೀಜ ಹಿಡಿದರೋ ಆ ಊರಿನಲ್ಲಿ ಆ ತಳಿ ನೆಲೆನಿಂತಿತು. ಇಟಲಿಯ ಜಿನೋವಾ ಸೀಮೆಯ ಬೇಸಿಲ್‌ಗೆ ಯುರೋಪಿಯನ್ ಒಕ್ಕೂಟವು 2005ರಲ್ಲಿ ಮೂಲಸ್ಥಾನದ ರಕ್ಷಣೆ ನೀಡಿತು. ನಮ್ಮ ಮಲೆನಾಡಿನ ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿರುವುದೂ ಇಂಥದೇ ಕಥೆ. ಉಪ್ಪಿನಕಾಯಿಯ ಭರಣಿಗಳು ಮನೆಮನೆಯಲ್ಲಿ ಉಳಿದದ್ದರಿಂದ ಹಳ್ಳದಂಚಿನ ಅಪ್ಪೆ ಮರಗಳ ನೆನಪೂ ಉಳಿಯಿತು.

ಹಿತ್ತಲು ಬರಿದಾದ ಬಗೆ

ತುಳಸಿ ಉಳಿದದ್ದು ಪೂಜೆಯಿಂದ. ದಿನಕ್ಕೊಮ್ಮೆ ಯಾರೋ ಒಬ್ಬರು ಅದರ ಬುಡಕ್ಕೆ ನೀರೆರೆಯುತ್ತಾರೆ. ಸಂಜೆಯ ಮೇಲೆ ಕೀಳಬಾರದು, ದ್ವಾದಶಿಯಂದು ಕೀಳಬಾರದು ಎಂಬ ನಿಯಮಗಳಿವೆ. ಗಿಡ ಒಣಗಿದರೆ ಮನೆಯವರಿಗೆ ಮನಸ್ಸು ತಡೆಯುವುದಿಲ್ಲ, ಮರುದಿನವೇ ಪಕ್ಕದ ಮನೆಯಿಂದ ಸಸಿ ಬರುತ್ತದೆ. ನಂಬಿಕೆಯಿರಲಿ ಇಲ್ಲದಿರಲಿ, ಒಂದು ಗಿಡವನ್ನು ಶತಮಾನಗಳ ಕಾಲ ಪ್ರತಿ ಮನೆಯ ಅಂಗಳದಲ್ಲಿ ಜೀವಂತವಾಗಿಟ್ಟ ಏರ್ಪಾಡು ಇದು ಎಂಬುದನ್ನು ಒಪ್ಪಲೇಬೇಕು.

ಕಾಮಕಸ್ತೂರಿಗೆ ಅಂಥ ಕಟ್ಟೆಯಿರಲಿಲ್ಲ. ಅದನ್ನು ಕಾಪಾಡಿದ್ದು ಬಳಕೆಯೊಂದೇ. ಹೆಂಗಸರು ಹೂವಿನೊಡನೆ ಮುಡಿಯುತ್ತಿದ್ದರು, ಬೇಸಿಗೆಯಲ್ಲಿ ಬೀಜದ ಪಾನಕ ಮಾಡುತ್ತಿದ್ದರು. ಮುಡಿಯುವ ರೂಢಿ ಕಡಿಮೆಯಾಯಿತು. ಪಾನಕದ ಜಾಗಕ್ಕೆ ಬಾಟಲಿಯ ಬಣ್ಣದ ನೀರು ಬಂತು. ಬೇಡವಾದ ಗಿಡ ಕಳೆಯ ಲೆಕ್ಕಕ್ಕೆ ಸೇರಿತು. ಕಳೆಯೆಂದ ಮೇಲೆ ಕಳೆನಾಶಕ ಬಿದ್ದಿತು. ಅಂಗಳಕ್ಕೆ ಸಿಮೆಂಟು, ಬಚ್ಚಲ ನೀರಿಗೆ ಇಂಗುಗುಂಡಿ, ಉಳಿದ ತುಂಡು ನೆಲಕ್ಕೆ ನಾಲ್ಕು ಅಡಿಕೆ ಸಸಿ. ಮಂಗಗಳ ಕಾಟಕ್ಕೆ ಬೇಸತ್ತು ತರಕಾರಿ ಬೆಳೆಯುವುದನ್ನೇ ಬಿಟ್ಟ ಮನೆಗಳು ನಮ್ಮ ಸೀಮೆಯಲ್ಲಿ ಎಷ್ಟಿವೆ ಎಂಬುದು ನಿಮಗೂ ತಿಳಿದಿದೆ. ಹಿತ್ತಲು ಎಂಬುದು ಹೀಗೆ ಮನೆಯ ಹಿಂಬದಿಯ ಖಾಲಿ ಜಾಗವಾಗಿ ಮಾರ್ಪಟ್ಟಿತು. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ನಮ್ಮ ಬಚ್ಚಲ ಹಿಂದಿನ ಕಾಮಕಸ್ತೂರಿಯನ್ನು ಹನ್ನೆರಡು ವರ್ಷಗಳ ಹಿಂದೆ ಗೊಬ್ಬರದ ಚೀಲ ಇಡಲು ಜಾಗವಿಲ್ಲವೆಂದು ಕಿತ್ತೆಸೆದವನು ನಾನೇ. ಬೀಜ ಎತ್ತಿಡಬೇಕೆಂದು ಅಂದು ಹೊಳೆಯಲಿಲ್ಲ.

ಮತ್ತೊಂದೆಡೆ ಪೇಟೆಯಲ್ಲಿ ಇದೇ ಕುಲದ ಗಿಡಗಳಿಗೆ ಬೇಡಿಕೆ ಏರಿತು. 2020ರ ಕೊರೊನಾ ಕಾಲದಲ್ಲಿ ಕೇಂದ್ರದ ಆಯುಷ್ ಸಚಿವಾಲಯವು ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿ, ಒಣದ್ರಾಕ್ಷಿಯ ಕಷಾಯವನ್ನು ಕುಡಿಯುವಂತೆ ಸಲಹೆ ನೀಡಿತ್ತು. ಅಂಗಳದಲ್ಲಿ ತುಳಸಿ ಇದ್ದವರೂ ಅದರ ಅರ್ಕದ ಸೀಸೆಗಾಗಿ ಅಂಗಡಿಗೆ ಹೋದದ್ದನ್ನು ನಾವು ಕಂಡಿದ್ದೇವೆ. ಗಿಡವಿದ್ದರೂ ಅದನ್ನು ಬಳಸುವ ಧೈರ್ಯವನ್ನು ಕಳೆದುಕೊಂಡಿರುವುದು ಗಿಡ ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟವಲ್ಲವೇ?

ಬೆಳೆಸುವ ಕ್ರಮ

ಕಾಮಕಸ್ತೂರಿ ಜಗತ್ತಿನಿಂದ ಅಳಿದುಹೋಗುವ ಅಪಾಯದಲ್ಲಿರುವ ಸಸ್ಯವೇನಲ್ಲ. ಅಳಿಯುತ್ತಿರುವುದು ನಮ್ಮ ಊರಿನ ಬೀಜ ಮತ್ತು ಅದರ ಬಗೆಗಿನ ತಿಳಿವಳಿಕೆ. ಎರಡನ್ನೂ ಮರಳಿ ಪಡೆಯಲು ದೊಡ್ಡ ಬಂಡವಾಳ ಬೇಕಿಲ್ಲ.

ಮಲೆನಾಡಿನಲ್ಲಿ ಮೊದಲ ಶತ್ರು ಮಳೆ. ಒಂದು ಗ್ರಾಂ ತೂಗಲು ಐದಾರು ನೂರು ಬೀಜಗಳು ಬೇಕಾಗುವಷ್ಟು ಸಣ್ಣ ಬೀಜವಿದು. ಆಷಾಢದಲ್ಲಿ ಬಿತ್ತಿದರೆ ಕೊಚ್ಚಿಹೋಗುತ್ತದೆ ಅಥವಾ ಕೊಳೆಯುತ್ತದೆ. ಮಳೆ ಹಿಂದೆ ಸರಿದ ಅಕ್ಟೋಬರ್, ನವೆಂಬರ್ ತಿಂಗಳುಗಳು ಬಿತ್ತನೆಗೆ ಪ್ರಶಸ್ತ. ಕೆಂಪು ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಬೆರೆಸಿ ಗೇಣಿನಷ್ಟು ಎತ್ತರದ ಮಡಿ ಮಾಡಬೇಕು. ಬೀಜವನ್ನು ಒಣಮರಳಿನಲ್ಲಿ ಬೆರೆಸಿ ಎರಚಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಸಾಕು. ಆಳಕ್ಕೆ ಹೂಳಿದರೆ ಮೊಳಕೆ ಬಾರದು. ವಾರ ಹತ್ತು ದಿನಗಳಲ್ಲಿ ಸಸಿ ಕಾಣಿಸುತ್ತದೆ. ನಾಲ್ಕು ಬೆರಳು ಎತ್ತರವಾದಾಗ ಒಂದಡಿ ಅಂತರದಲ್ಲಿ ಕಿತ್ತು ನೆಡಬೇಕು. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕಾದ ಗಿಡವಾದ್ದರಿಂದ ಅಡಿಕೆ ತೋಟದ ನೆರಳಿನಲ್ಲಿ ಇದು ಒಗ್ಗದು. ಅಂಗಳದ ಅಂಚು, ಬಚ್ಚಲ ದಾರಿ, ಬಾವಿಕಟ್ಟೆಯ ಪಕ್ಕ ಸೂಕ್ತ. ಹಿತ್ತಲಿಲ್ಲದ ಪೇಟೆಯ ಮನೆಯಲ್ಲಿ ತಳ ತೂತಾದ ಹಳೆಯ ಬಕೇಟು ಸಾಕು. ಬೀಜ ಸಿಗದಿದ್ದರೆ ನೆಂಟರ ಮನೆಯ ಗಿಡದಿಂದ ಹೂವಾಗದ ಕುಡಿಯೊಂದನ್ನು ತಂದು, ಕೆಳಗಿನ ಎಲೆ ತೆಗೆದು ನೀರಿನಲ್ಲಿ ಇಟ್ಟರೂ ಬೇರು ಬಿಡುತ್ತದೆ.

ಆರೇಳು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಗಿಡ ಪೊದೆಯಾಗಿ ಕವಲೊಡೆಯುತ್ತದೆ. ಎಲೆ ಬೇಕಾದರೆ ತೆನೆ ಬಂದಂತೆ ಚಿವುಟುತ್ತಿರಬೇಕು. ಎರಡು ಮೂರು ಒಳ್ಳೆಯ ಗಿಡಗಳನ್ನು ಮಾತ್ರ ಮುಟ್ಟದೆ ಬೀಜಕ್ಕೆ ಬಿಡಬೇಕು. ತೆನೆ ಕಂದುಬಣ್ಣಕ್ಕೆ ತಿರುಗಿದಾಗ ಕೊಯ್ದು ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಬೂದಿ ಬೆರೆಸಿ ಗಾಳಿಯಾಡದ ಸೀಸೆಯಲ್ಲಿಡಬೇಕು. ಮಳೆಗಾಲದ ತೇವ ತಾಗದಂತೆ ಇಟ್ಟರೆ ಎರಡು ಮೂರು ವರ್ಷವಾದರೂ ಬೀಜ ಮೊಳೆಯುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಪೇಟೆಯಿಂದ ತಂದ ಬೇಸಿಲ್ ಗಿಡವೂ ಊರಿನ ಕಾಮಕಸ್ತೂರಿಯೂ ಒಂದೇ ಜಾತಿಯಾದ್ದರಿಂದ ಪಕ್ಕಪಕ್ಕ ಹೂಬಿಟ್ಟರೆ ಜೇನುಗಳು ಎರಡನ್ನೂ ಬೆರೆಸುತ್ತವೆ. ಊರಿನ ತಳಿಯ ಬೀಜ ಹಿಡಿಯುವವರು ಇನ್ನೊಂದರ ತೆನೆಯನ್ನು ಹೂವಾಗುವ ಮೊದಲೇ ಚಿವುಟಬೇಕು.

ಜೇನಿನ ಮಾತು ಬಂದ ಮೇಲೆ ಇನ್ನೊಂದು ಮಾತು ಹೇಳಬೇಕು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ದಕ್ಷಿಣ ಭಾರತದ ತುಡುವೆ ಜೇನಿನ ಕುಟುಂಬಗಳನ್ನು ಗುಡಿಸಿಹಾಕಿದ್ದನ್ನು ಹಿರಿಯ ಜೇನುಸಾಕಣೆದಾರರು ಮರೆತಿಲ್ಲ. ಉಳಿದ ತುಡುವೆ, ಮಿಸರಿ ಜೇನುಗಳಿಗೆ ಮನೆಯ ಸುತ್ತ ಹೂಬಿಡುವ ತುಳಸಿ, ಕಾಮಕಸ್ತೂರಿಗಳು ಒಳ್ಳೆಯ ಮೇವು. ಬೆಳಗಿನ ಎಂಟು ಗಂಟೆಗೆ ತೆನೆಯ ಮುಂದೆ ಹತ್ತು ನಿಮಿಷ ಕುಳಿತು ಎಷ್ಟು ಬಗೆಯ ಹುಳುಗಳು ಬರುತ್ತವೆ ಎಂದು ವಿದ್ಯಾರ್ಥಿಗಳು ಎಣಿಸಿ ನೋಡಬಹುದು. ಮಾವಿನ ಹಣ್ಣುನೊಣದ ಗಂಡುಗಳು ಮೀಥೈಲ್ ಯೂಜೆನಾಲ್ ಎಂಬ ವಾಸನೆಗೆ ಮುಗಿಬೀಳುತ್ತವೆ. ತುಳಸಿಯ ಹಲವು ತಳಿಗಳ ಎಲೆಯಲ್ಲಿ ಅದು ಇದೆ. ಜಜ್ಜಿದ ಎಲೆಯನ್ನು ತೆಂಗಿನ ಗರಟೆಯಲ್ಲಿಟ್ಟು ಮಾವಿನ ಮರಕ್ಕೆ ಕಟ್ಟುವ ರೂಢಿಗೆ ಇದೇ ಆಧಾರ. ಹಾಗಲ, ಸೌತೆಯನ್ನು ಕೆಡಿಸುವ ನೊಣ ಬೇರೆ ಜಾತಿಯದು, ಅದಕ್ಕೆ ಈ ವಾಸನೆ ರುಚಿಸದು.

ಅಡುಗೆಮನೆಗೆ ಮರಳಲಿ

ಬಳಕೆಯಿಲ್ಲದೆ ಗಿಡ ಉಳಿಯದು ಎಂದ ಮೇಲೆ ಬಳಕೆಯ ಮಾತನ್ನೂ ಆಡಲೇಬೇಕು. ಮಲೆನಾಡಿನ ತಂಬುಳಿಗೆ ಒಗ್ಗದ ಸೊಪ್ಪಿಲ್ಲ. ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ಹುರಿದು, ಒಲೆಯಿಂದ ಇಳಿಸುವ ಹೊತ್ತಿಗೆ ಒಂದು ಹಿಡಿ ಕಾಮಕಸ್ತೂರಿ ಎಲೆ ಹಾಕಿ ಬಾಡಿಸಿ, ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ, ಮಜ್ಜಿಗೆ ಮತ್ತು ಉಪ್ಪು ಸೇರಿಸಿದರೆ ತಂಬುಳಿ ಸಿದ್ಧ. ಕುದಿಸುವುದು ಬೇಡ. ಪರಿಮಳವೆಲ್ಲ ಹಬೆಯೊಡನೆ ಹಾರಿಹೋಗುವ ಎಣ್ಣೆಯಲ್ಲಿದೆ, ಬೆಂಕಿಗೆ ಹೆಚ್ಚು ಹೊತ್ತು ಇಟ್ಟರೆ ಹುಲ್ಲಿನ ರುಚಿಯಷ್ಟೇ ಉಳಿಯುತ್ತದೆ. ಇದೇ ಕಾರಣಕ್ಕೆ ಎಲೆಯನ್ನು ಬಿಸಿಲೇರುವ ಮುನ್ನ ಕೊಯ್ಯಬೇಕು, ಒಣಗಿಸುವುದಿದ್ದರೆ ನೆರಳಿನಲ್ಲಿ ಒಣಗಿಸಬೇಕು. ಹಸಿಮೆಣಸು, ಕಾಯಿ, ಹುಣಸೆಯೊಡನೆ ರುಬ್ಬಿದ ಚಟ್ನಿ ದೋಸೆಗೆ ಚೆನ್ನಾಗಿ ಹೊಂದುತ್ತದೆ. ನಮ್ಮ ಮನೆಯ ಮಕ್ಕಳು ಅದನ್ನು 'ಬೆಂಗಳೂರು ಚಟ್ನಿ' ಎಂದು ಕರೆಯತೊಡಗಿದ್ದಾರೆ. ಅಜ್ಜಿಗೆ ಇದರಿಂದ ಸ್ವಲ್ಪ ಸಿಟ್ಟು ಬಂದಿದೆ.

ಬೀಜದ ಪಾನಕ ಇನ್ನೂ ಸುಲಭ. ಒಂದು ಚಮಚ ಬೀಜವನ್ನು ಲೋಟ ನೀರಿನಲ್ಲಿ ಕಾಲು ಗಂಟೆ ನೆನೆಹಾಕಿದರೆ ಪ್ರತಿ ಬೀಜದ ಸುತ್ತಲೂ ಲೋಳೆಯ ಬಿಳಿ ಕವಚ ಮೂಡಿ, ಕಪ್ಪೆಯ ಮೊಟ್ಟೆಯಂತೆ ಉಬ್ಬುತ್ತದೆ. ಬೆಲ್ಲದ ನೀರು, ನಿಂಬೆರಸ, ಏಲಕ್ಕಿ ಸೇರಿಸಿ ಕುಡಿಯಬಹುದು. ಒಣಬೀಜವನ್ನು ಹಾಗೆಯೇ ನುಂಗಬಾರದು, ಗಂಟಲಿನಲ್ಲಿ ಉಬ್ಬಿ ಸಿಕ್ಕಿಕೊಂಡೀತು. ಎಳೆಯ ಮಕ್ಕಳಿಗೆ ಕೊಡದಿರುವುದು ಕ್ಷೇಮ.

ಔಷಧದ ವಿಷಯದಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ನೆಗಡಿ, ಗಂಟಲು ಕೆರೆತಕ್ಕೆ ತುಳಸಿ ಕಷಾಯ ಹಿತ ನೀಡುತ್ತದೆ ಎಂಬುದು ಎಲ್ಲರ ಅನುಭವ. ಆದರೆ ನಮ್ಮದು ಮಂಗನ ಕಾಯಿಲೆಯ ನಾಡು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಈ ರೋಗ ಉಣುಗುಗಳಿಂದ ಹರಡುತ್ತದೆ ಮತ್ತು ಚಳಿಗಾಲದಿಂದ ಬೇಸಿಗೆಯವರೆಗೆ ಹೆಚ್ಚು ಕಾಡುತ್ತದೆ. ಆ ದಿನಗಳಲ್ಲಿ ಕಾಡಿಗೆ, ಬೆಟ್ಟಕ್ಕೆ ಹೋಗಿಬಂದವರಿಗೆ ತೀವ್ರ ಜ್ವರ, ತಲೆನೋವು ಬಂದರೆ ಕಷಾಯ ಕುಡಿದು ಕಾಯುತ್ತ ಕೂರಬಾರದು. ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಹಿತ್ತಲಿನ ಗಿಡದ ಮೇಲಿನ ಅಭಿಮಾನ ಒಂದು ಜೀವಕ್ಕೆ ಎರವಾಗಕೂಡದು.

ದೊಡ್ಡ ಚಿಂತೆಗಳ ನಡುವೆ ಈ ಸಣ್ಣ ಗಿಡವೇಕೆ?

ಕೆಲವು ಗೆಳೆಯರು ಕೇಳುತ್ತಾರೆ: ನದಿ ತಿರುವು, ವಿದ್ಯುತ್ ಯೋಜನೆ, ಗುಡ್ಡ ಕುಸಿತ, ಅಡಿಕೆಯ ಎಲೆಚುಕ್ಕಿ ರೋಗ ಇವೆಲ್ಲ ಎದುರಿಗಿರುವಾಗ ಹಿತ್ತಲಿನ ಒಂದು ಗಿಡಕ್ಕೆ ಇಷ್ಟು ಪುಟಗಳೇ? ಪ್ರಶ್ನೆ ನ್ಯಾಯವಾದದ್ದೇ. ಕಾಮಕಸ್ತೂರಿ ನೆಟ್ಟ ಮಾತ್ರಕ್ಕೆ ಕಣಿವೆ ಉಳಿಯುವುದಿಲ್ಲ.

ಆದರೆ ಯೋಜನೆಯೊಂದರ ಸಾರ್ವಜನಿಕ ಅಹವಾಲು ಸಭೆಯನ್ನು ನೆನೆಯಿರಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಅಂಥ ಸಭೆಯಲ್ಲಿ ಮಾತನಾಡುವ ಅವಕಾಶ ಹಳ್ಳಿಗರಿಗಿದೆ. ವರದಿಯಲ್ಲಿ ಬರೆದ ಸಸ್ಯಗಳ ಪಟ್ಟಿ ಅಪೂರ್ಣವಾಗಿದೆ ಎಂದು ಎದ್ದುನಿಂತು ಹೇಳಬೇಕಾದರೆ ನಮ್ಮ ಸುತ್ತ ಏನಿದೆ ಎಂಬುದು ನಮಗೆ ಗೊತ್ತಿರಬೇಕು. ಬಚ್ಚಲ ಹಿಂದಿನ ಗಿಡದ ಹೆಸರನ್ನೇ ಮರೆತವರು ಬೆಟ್ಟದಾಚೆಯ ಕಾಡಿನ ಪರವಾಗಿ ಏನೆಂದು ಸಾಕ್ಷಿ ಹೇಳಿಯಾರು? 2002ರ ಜೀವವೈವಿಧ್ಯ ಕಾಯಿದೆಯು ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ಹೇಳುತ್ತದೆ. ಆ ಸಮಿತಿಯು ಜನರ ಜೊತೆ ಕೂಡಿ ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಕಾಡಿನ ಮರಗಳಿಗಿರುವಷ್ಟೇ ಜಾಗ ಬೆಳೆಸಿದ ಗಿಡಗಳಿಗೂ ಇದೆ. ಅಮೆರಿಕದಲ್ಲಿ 1995ರಲ್ಲಿ ಅರಿಸಿನದ ಗಾಯ ಮಾಯಿಸುವ ಗುಣಕ್ಕೆ ನೀಡಿದ್ದ ಪೇಟೆಂಟ್ 1997ರಲ್ಲಿ ರದ್ದಾದದ್ದು ನಮ್ಮಲ್ಲಿ ಅದರ ಬಳಕೆಯ ಲಿಖಿತ ದಾಖಲೆಗಳಿದ್ದುದರಿಂದ. ಅಜ್ಜಿಯರ ಬಾಯಲ್ಲಿ ಮಾತ್ರ ಇರುವ ಜ್ಞಾನಕ್ಕೆ ಅಂಥ ರಕ್ಷಣೆಯಿಲ್ಲ. ಅವರ ನಂತರ ಅದನ್ನು ಹೇಳುವವರೂ ಇರುವುದಿಲ್ಲ.

ಆದ್ದರಿಂದ ಎರಡು ಸಣ್ಣ ಸಲಹೆಗಳನ್ನು ಮುಂದಿಡುತ್ತೇನೆ. ಒಂದು, ಶಾಲಾ ಕಾಲೇಜು ವಿದ್ಯಾರ್ಥಿಗಳು ತಮ್ಮ ಕೇರಿಯ ಪ್ರತಿ ಹಿತ್ತಲಿನಲ್ಲಿ ಇರುವ ಗಿಡಗಳನ್ನೂ, ಇದ್ದು ಇಲ್ಲವಾದ ಗಿಡಗಳನ್ನೂ ಹಿರಿಯರನ್ನು ಕೇಳಿ ಬರೆದಿಡಲಿ. ಊರಿನ ಹೆಸರು, ಬಳಸುವ ಭಾಗ, ಅಡುಗೆಯ ಕ್ರಮ, ಬೀಜ ಯಾರ ಮನೆಯಲ್ಲಿದೆ ಎಂಬ ನಾಲ್ಕು ಕಲಮುಗಳಿದ್ದರೆ ಸಾಕು. ಅದರ ಪ್ರತಿಯೊಂದನ್ನು ಪಂಚಾಯಿತಿಗೆ ಕೊಡಲಿ. ಎರಡು, ಮುಂದಿನ ತುಳಸಿ ಪೂಜೆಯ ದಿನ ಪ್ರಸಾದದ ಜೊತೆಗೆ ಒಂದು ಚಿಟಿಕೆ ಕಾಮಕಸ್ತೂರಿ ಬೀಜವನ್ನೂ ಹಂಚೋಣ. ಆಗ ಮಣ್ಣಿನಲ್ಲಿ ತೇವವಿರುತ್ತದೆ, ಮಳೆ ನಿಂತಿರುತ್ತದೆ. ಬಿತ್ತುವುದಕ್ಕೂ ಅದೇ ಸಕಾಲ.

ನಮ್ಮ ಕೇರಿಗೆ ಮೊದಲ ಬೀಜ ಬಂದದ್ದು ಘಟ್ಟದ ಕೆಳಗಿನ ಅತ್ತೆಯ ಮನೆಯಿಂದ, ಹಳೆಯ ಔಷಧದ ಸೀಸೆಯೊಂದರಲ್ಲಿ. ಕಳೆದ ನವೆಂಬರ್ ಕೊನೆಯಲ್ಲಿ ಬಿತ್ತಿದೆವು. ಫೆಬ್ರುವರಿಯಲ್ಲಿ ಅಜ್ಜಿ ತಾವೇ ಹೋಗಿ ಮೊದಲ ಕುಡಿ ಚಿವುಟಿದರು. ಆರು ಗಿಡಗಳನ್ನು ಬೀಜಕ್ಕೆ ಬಿಟ್ಟಿದ್ದೆವು. ಹನ್ನೊಂದು ಮನೆಗೂ ಸಾಕಾಗುವಷ್ಟು ಬೀಜ ಈಗ ನಮ್ಮ ಅಟ್ಟದ ಮೇಲಿದೆ.